ಪಿಟ್ಸ್‌ಬರ್ಗ್‌ನ ಕೌಂಟಿ ಕೋರ್ಟಿಗೆ ಇಷ್ಟು ತಗ್ಗಾದ ಬಾಗಿಲು ಯಾಕೆ?

ತುಂಗೆಯ ಮಗಳು

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಪಿಟ್ಸ್‌ಬರ್ಗ್‌ಗೆ ಬಂದು ಹನ್ನೊಂದು ವರ್ಷವಾಯಿತು. ಪೌರತ್ವ ಸಿಕ್ಕಿದ್ದು ಮೊನ್ನೆ ಮೊನ್ನೆ. ಹೋದ ತಿಂಗಳು ಮೊದಲ ಸಲ ಜ್ಯೂರಿ ಡ್ಯೂಟಿಗೆ, ಅಂದರೆ ಕೇಸು ಕೇಳಿ ತೀರ್ಪು ಹೇಳುವ ಸಾಮಾನ್ಯ ಜನರ ಗುಂಪಿಗೆ, ಪತ್ರ ಬಂತು. ಗ್ರಾಂಟ್ ಸ್ಟ್ರೀಟಿನಲ್ಲಿರುವ ಅಲೆಗೇನಿ ಕೌಂಟಿ ಕೋರ್ಟ್‌ಹೌಸಿಗೆ ಬೆಳಗ್ಗೆಯೇ ಹೋಗಿ ಕೂತೆ. ನನ್ನನ್ನು ಯಾವ ಕೇಸಿಗೂ ಆರಿಸಲಿಲ್ಲ. ಸಂಜೆ ಮನೆಗೆ ಬಂದೆ. ಆದರೆ ಆ ಕಟ್ಟಡ ಮಾತ್ರ ಇನ್ನೂ ತಲೆಯಲ್ಲೇ ಇದೆ.

ಹೊರಗೆ ನಿಂತು ನೋಡಿದರೆ ಅದೊಂದು ಕೋಟೆ. ಒರಟು ಕಲ್ಲು, ದೊಡ್ಡ ದೊಡ್ಡ ಕಮಾನು, ನಡುವೆ ಎತ್ತರದ ಗೋಪುರ. ಒಳಗಿನ ಮೆಟ್ಟಿಲು ನೋಡಿ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತುಬಿಟ್ಟೆ. ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಇನ್ನೊಂದು ಕಮಾನು. ಮೇಲಿನ ಕಿಟಕಿಯಿಂದ ಬೆಳಕು ಇಳಿದು ಬರುತ್ತಿತ್ತು.

ನನಗೆ ಅರ್ಥವಾಗದ್ದು ಒಂದೇ. ಇಷ್ಟು ದೊಡ್ಡ ಕಟ್ಟಡಕ್ಕೆ ಒಳಗೆ ಹೋಗುವ ಬಾಗಿಲು ಮಾತ್ರ ತಗ್ಗು. ಒಳಗೆ ಕಾಲಿಟ್ಟ ಕೂಡಲೇ ಚಾವಣಿ ತಲೆಯ ಮೇಲೇ ಇದ್ದ ಹಾಗೆ ಅನಿಸಿತು. ದಪ್ಪ ದಪ್ಪ ಕಂಬಗಳು, ಮಬ್ಬು ಬೆಳಕು. ಅರಮನೆಗೆ ಹಿತ್ತಲ ಬಾಗಿಲಿನಿಂದ ಹೋದ ಹಾಗಾಯಿತು. ಮೆಟ್ಟಿಲು ಹತ್ತಿ ಮೇಲಿನ ಮಹಡಿಗೆ ಹೋದ ಮೇಲೇ ಕಟ್ಟಡ ತೆರೆದುಕೊಂಡಿದ್ದು. ಇಂಥ ಕಟ್ಟಡ ಯೋಚಿಸಿದವರು ಬಾಗಿಲಲ್ಲಿ ಹೀಗೆ ಮಾಡಿರುತ್ತಾರಾ? ಇಲ್ಲಿ ಹಳೆಯ ಕಟ್ಟಡಗಳ ಬಗ್ಗೆ ತಿಳಿದವರು ಇದ್ದೀರಿ ಅಂತ ಕೇಳುತ್ತಿದ್ದೇನೆ.

ಮೂರು ನದಿ

ತುಂಗೆಯ ಮಗಳು ಅವರೇ, ನಿಮ್ಮ ಕಣ್ಣು ಸರಿಯಾಗಿಯೇ ನೋಡಿದೆ. ನೀವು ಒಳಗೆ ಹೋದದ್ದು ನೆಲಮಾಳಿಗೆಯ ಬಾಗಿಲಿನಿಂದ.

ನಾನು ಈ ಊರಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಡೌನ್‌ಟೌನಿನಲ್ಲೇ ಕೆಲಸ ಮಾಡಿದವನು. ಮಧ್ಯಾಹ್ನದ ಊಟದ ಡಬ್ಬಿ ಹಿಡಿದು ಆ ಕೋರ್ಟಿನ ಅಂಗಳದಲ್ಲಿ ಎಷ್ಟು ಸಲ ಕೂತಿದ್ದೇನೋ ಲೆಕ್ಕವಿಲ್ಲ. ಆ ಕಟ್ಟಡ ಅಂದರೆ ನನಗೆ ತುಂಬಾ ಪ್ರೀತಿ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಕೋರ್ಟು ಇರುವ ಜಾಗಕ್ಕೆ ಗ್ರಾಂಟ್ಸ್ ಹಿಲ್ ಅಂತ ಹೆಸರು. 1758ರಲ್ಲಿ ಫ್ರೆಂಚರ ವಿರುದ್ಧ ಇಲ್ಲಿ ಹೋರಾಡಿ ಸೋತ ಜೇಮ್ಸ್ ಗ್ರಾಂಟ್ ಎಂಬ ಬ್ರಿಟಿಷ್ ಸೇನಾಧಿಕಾರಿಯ ಹೆಸರದು. ಹಿಲ್ ಅಂದರೆ ಸುಮ್ನೆ ಹೆಸರಿಗಲ್ಲ, ನಿಜವಾದ ದಿಬ್ಬ. ಕುದುರೆ ಗಾಡಿಗಳಿಗೆ ಅದನ್ನು ಹತ್ತುವುದೇ ಕಷ್ಟ. ಊರಿನವರು ಅದನ್ನು ‘ಹಂಪ್’ ಅಂತಲೇ ಕರೆಯುತ್ತಿದ್ದರು. ಒಂಟೆಯ ಬೆನ್ನಿನ ಡುಬ್ಬ ಇದ್ದ ಹಾಗೆ. ಹತ್ತೊಂಬತ್ತನೇ ಶತಮಾನದಲ್ಲೇ ಅದನ್ನು ಅಷ್ಟಷ್ಟು ಕಡಿದು ತಗ್ಗಿಸಿದ್ದರು. ಸಾಕಾಗಲಿಲ್ಲ. ಕೊನೆಗೆ 1912–13ರಲ್ಲಿ ದೊಡ್ಡದಾಗಿ ಕೈಹಾಕಿದರು. ಕೆಲವು ಕಡೆ ರಸ್ತೆ ಸುಮಾರು 16 ಅಡಿ ಕೆಳಗೆ ಹೋಯಿತು.

ಕೋರ್ಟ್‌ಹೌಸ್ ಕಟ್ಟಿ ಮುಗಿದದ್ದು 1888ರಲ್ಲಿ. ಅಂದರೆ ಕಟ್ಟಡ ಮೊದಲು, ರಸ್ತೆ ಇಳಿದದ್ದು ಆಮೇಲೆ. ಕಟ್ಟಡ ಇದ್ದಲ್ಲೇ ಇತ್ತು, ನೆಲ ಕೆಳಗೆ ಹೋಯಿತು. ಮುಖ್ಯ ಬಾಗಿಲು ಗಾಳಿಯಲ್ಲಿ ನಿಂತ ಹಾಗಾಯಿತು. ಮಣ್ಣಿನೊಳಗೆ ಇದ್ದ ನೆಲಮಾಳಿಗೆ ಬೀದಿಗೆ ಬಂತು. ಕೆಲವು ವರ್ಷ ಹೊರಗಡೆ ದೊಡ್ಡ ಮೆಟ್ಟಿಲು ಕಟ್ಟಿ ಹಳೇ ಬಾಗಿಲಿಗೆ ಹತ್ತಿ ಹೋಗುವ ಹಾಗೆ ಮಾಡಿದ್ದರು. 1920ರ ದಶಕದಲ್ಲಿ ಗ್ರಾಂಟ್ ಸ್ಟ್ರೀಟನ್ನು ಅಗಲ ಮಾಡುವಾಗ ಆ ಮೆಟ್ಟಿಲನ್ನೂ ತೆಗೆದರು. ಆಗಿನಿಂದ ಜನ ನೆಲಮಾಳಿಗೆಯಿಂದಲೇ ಹೋಗುತ್ತಿದ್ದಾರೆ.

ನೀವು ‘ಮೇಲಿನ ಮಹಡಿ’ ಅಂದಿರಲ್ಲ, ಅದೇ ಮೂಲತಃ ನೆಲದ ಮಟ್ಟ. ಈ ಕಟ್ಟಡದ ವಾಸ್ತುಶಿಲ್ಪಿ ರಿಚರ್ಡ್‌ಸನ್ ಯೋಚಿಸಿದ್ದರ ಪ್ರಕಾರ ಜನ ಬೀದಿಯಿಂದ ನೇರವಾಗಿ ಅಲ್ಲಿಗೇ ಬರಬೇಕಿತ್ತು.

ನಂಬಿಕೆ ಬರದಿದ್ದರೆ ಮುಂದಿನ ಸಲ ರಸ್ತೆಯಾಚೆಯ ಫ್ರಿಕ್ ಬಿಲ್ಡಿಂಗ್ ನೋಡಿ. 1902ರದ್ದು. ಅಲ್ಲಿಯೂ ನೆಲಮಾಳಿಗೆಯೇ ಬೀದಿಯ ಮಟ್ಟಕ್ಕೆ ಬಂದಿದೆ. ಒಂದೇ ಬೀದಿ, ಒಂದೇ ಕಥೆ.

ತುಂಗೆಯ ಮಗಳು

ಅಯ್ಯೋ, ಎಷ್ಟು ಸಂಕಟ ಆಯಿತು ಇದನ್ನು ಓದಿ! ಅಷ್ಟು ಯೋಚಿಸಿ ಕಟ್ಟಿದ ಬಾಗಿಲು ಮೇಲೆ ನೇತಾಡುತ್ತಾ ಉಳಿಯಿತು. ಕಟ್ಟಿದವರು ಇದನ್ನು ನೋಡಿದರಾ?

ಮೂರು ನದಿ

ಇಲ್ಲ. ಅವರು ಕಟ್ಟಡ ಮುಗಿದದ್ದನ್ನೇ ನೋಡಲಿಲ್ಲ.

ಹೆನ್ರಿ ಹಾಬ್ಸನ್ ರಿಚರ್ಡ್‌ಸನ್ ಹುಟ್ಟಿದ್ದು 1838ರಲ್ಲಿ, ಲೂಸಿಯಾನಾದಲ್ಲಿ. ಹಾರ್ವರ್ಡ್‌ನಲ್ಲಿ ಓದಿದರು. ಆಮೇಲೆ ಪ್ಯಾರಿಸ್‌ಗೆ ಹೋಗಿ ಎಕೋಲ್ ದೆ ಬೋಜಾರ್‌ನಲ್ಲಿ ವಾಸ್ತುಶಿಲ್ಪ ಕಲಿತರು. ಬಾಸ್ಟನ್ನಿನ ಟ್ರಿನಿಟಿ ಚರ್ಚ್ ಅವರಿಗೆ ದೊಡ್ಡ ಹೆಸರು ತಂದಿತು. 1885ರಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳನ್ನೇ ಕೇಳಿ ದೇಶದ ಹತ್ತು ಒಳ್ಳೆಯ ಕಟ್ಟಡಗಳ ಪಟ್ಟಿ ಮಾಡಿದರು. ಟ್ರಿನಿಟಿ ಚರ್ಚ್ ಮೊದಲ ಸ್ಥಾನದಲ್ಲಿತ್ತು. ಹತ್ತರಲ್ಲಿ ಐದರಲ್ಲಿ ಅವರ ಕೈ ಇತ್ತು.

ಪಿಟ್ಸ್‌ಬರ್ಗ್ ಕೆಲಸ ಬಂದಾಗಲೇ ಅವರಿಗೆ ಮೂತ್ರಪಿಂಡದ ಕಾಯಿಲೆ ಜೋರಾಗಿತ್ತು. ಮನೆ ಮತ್ತು ಆಫೀಸು ಎರಡೂ ಬಾಸ್ಟನ್ ಹತ್ತಿರದ ಬ್ರೂಕ್‌ಲೈನಿನಲ್ಲಿ ಒಂದೇ ಕಡೆ ಇದ್ದವು. ಎಷ್ಟೋ ಸಲ ಹಾಸಿಗೆಯಿಂದಲೇ ಕೆಲಸ ನೋಡುತ್ತಿದ್ದರು. ಈ ಕೋರ್ಟು ಮತ್ತು ಶಿಕಾಗೋದಲ್ಲಿ ಆಗ ಏಳುತ್ತಿದ್ದ ಮಾರ್ಷಲ್ ಫೀಲ್ಡ್ ಮಳಿಗೆ, ಇವೆರಡು ಮುಗಿಯುವವರೆಗಾದರೂ ಬದುಕಬೇಕು ಅನ್ನುವುದು ಅವರ ಆಸೆ. 1886ರ ಏಪ್ರಿಲ್ 27ರಂದು ತೀರಿಕೊಂಡರು. ಆಗ ಅವರಿಗೆ 47 ವರ್ಷ. ಕೋರ್ಟಿನ ಜೊತೆಗೇ ಅವರು ಯೋಚಿಸಿದ್ದ ಹಿಂಭಾಗದ ಜೈಲು ಆ ವರ್ಷ ಮುಗಿಯಿತು. ಕೋರ್ಟು ಇನ್ನೂ ಏಳುತ್ತಿತ್ತು. ಅವರ ಆಫೀಸಿನಲ್ಲಿದ್ದ ಶೆಪ್ಲಿ, ರುಟಾನ್, ಕೂಲಿಜ್ ಮೂವರು ಸೇರಿ ಅವರ ನಕ್ಷೆಯಂತೆ ಮುಗಿಸಿದರು. ಕಟ್ಟಿದ್ದು ನಾರ್‌ಕ್ರಾಸ್ ಬ್ರದರ್ಸ್. ರಿಚರ್ಡ್‌ಸನ್ ಅವರ ದೊಡ್ಡ ಕೆಲಸಗಳಲ್ಲಿ ಹೆಚ್ಚಾಗಿ ಜೊತೆಗಿದ್ದ ಗುತ್ತಿಗೆದಾರರು ಇವರೇ.

ಶಿಕಾಗೋದ ಆ ಮಳಿಗೆಯನ್ನು 1930ರಲ್ಲಿ ಕೆಡವಿಬಿಟ್ಟರು. ಅವರು ಆಸೆಪಟ್ಟ ಎರಡರಲ್ಲಿ ನಮ್ಮ ಊರಿನದೊಂದೇ ಉಳಿದಿರುವುದು.

ಸೈಜುಗಲ್ಲು

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ನಾನು ಸಿವಿಲ್ ಎಂಜಿನಿಯರ್. ಮಗಳ ಮನೆಗೆ ಬಂದಿದ್ದಾಗ ಎರಡು ಸಲ ಈ ಕಟ್ಟಡ ನೋಡಿದ್ದೇನೆ. ಮೊದಲು ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋದೆವು. ಅದೂ ಇದೇ ಕೌಂಟಿಯಲ್ಲೇ ಇದೆ. ಆಮೇಲೆ ಸಂಜೆ ಡೌನ್‌ಟೌನ್. ಪಿಟ್ಸ್‌ಬರ್ಗ್‌ಗೆ ಬರುವ ನಮ್ಮವರು ದೇವಸ್ಥಾನ ನೋಡಿ ಹಾಗೇ ಹೊರಟುಬಿಡುತ್ತಾರೆ. ಇದನ್ನೂ ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಕಲ್ಲಿನ ವಿಷಯ ಯಾರೂ ಎತ್ತಿಲ್ಲ. ನನಗೆ ಅದೇ ಮುಖ್ಯ.

ಇದೇ ಜಾಗದಲ್ಲಿ ಮೊದಲು ಇನ್ನೊಂದು ಕೋರ್ಟು ಇತ್ತು. ಜಾನ್ ಚಿಸ್ಲೆಟ್ ಅನ್ನುವವರು ಮಾಡಿದ್ದು, 1841ರಲ್ಲಿ ಮುಗಿದದ್ದು. ಗ್ರೀಕ್ ದೇವಾಲಯದ ಹಾಗೆ ಸಾಲು ಕಂಬ, ಮೇಲೆ ಗುಮ್ಮಟ. ಅದು ಮರಳುಗಲ್ಲಿನದು. ಪಿಟ್ಸ್‌ಬರ್ಗ್ ಆಗ ಕಲ್ಲಿದ್ದಲಿನ ಊರು. ಕಬ್ಬಿಣ, ಗಾಜು, ಉಕ್ಕು, ಎಲ್ಲದಕ್ಕೂ ಕಲ್ಲಿದ್ದಲು. ಮನೆ ಬೆಚ್ಚಗಾಗುವುದಕ್ಕೂ ಅದೇ. ಆ ಹೊಗೆಯಲ್ಲಿ ಗಂಧಕ ಇರುತ್ತದೆ. ಅದು ಮಂಜು ಮಳೆಯ ಜೊತೆ ಸೇರಿದರೆ ಆಮ್ಲ. ಮರಳುಗಲ್ಲಿನಲ್ಲಿ ಮರಳಿನ ಕಣಗಳನ್ನು ಹಿಡಿದಿಟ್ಟಿರುವ ಅಂಟನ್ನೇ ಆಮ್ಲ ತಿಂದುಹಾಕುತ್ತದೆ. ಕಲ್ಲು ಪದರ ಪದರವಾಗಿ ಉದುರುತ್ತದೆ. ಆ ಕಟ್ಟಡಕ್ಕೂ ಹಾಗೇ ಆಯಿತು. ಕೊನೆಗೆ 1882ರ ಮೇ 7ರಂದು ಬೆಂಕಿ ಬಿದ್ದು ಹೋಯಿತು.

ಅದಕ್ಕೇ ಎರಡನೇ ಸಲ ಗ್ರಾನೈಟ್. ಮ್ಯಾಸಚೂಸೆಟ್ಸ್‌ನ ಮಿಲ್‌ಫೋರ್ಡ್ ಗ್ರಾನೈಟ್. ಸ್ವಲ್ಪ ಗುಲಾಬಿ ಮಿಶ್ರ ಬೂದು ಬಣ್ಣ. ಅಷ್ಟು ದೂರದಿಂದ ತರಿಸಿದ್ದಾರೆ. ಗ್ರಾನೈಟಿನಲ್ಲಿ ಕಣಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ನಡುವೆ ಅಂಟು ಅಂತ ಬೇರೆ ಇರುವುದಿಲ್ಲ. ಆಮ್ಲ ಅದನ್ನು ಸುಲಭಕ್ಕೆ ತಿನ್ನಲಾರದು.

ಇನ್ನು ಆ ಒರಟುತನ. ಅದು ಅರ್ಧಕ್ಕೆ ಬಿಟ್ಟ ಕೆಲಸ ಅಂತ ನನ್ನ ಜೊತೆ ಬಂದವರೊಬ್ಬರು ಅಂದರು. ಅಲ್ಲ. ಕಲ್ಲಿನ ಅಂಚುಗಳನ್ನು ನೋಡಿ. ಉಳಿಯಲ್ಲಿ ಹೊಡೆದು ಎಷ್ಟು ನೇರ ಮಾಡಿದ್ದಾರೆ! ಕಲ್ಲಿನ ಮೇಲೆ ಕಲ್ಲು ಕೂರುವ ಜಾಗದಲ್ಲಿ ಸಂದಿ ಬಹಳ ಸಣ್ಣದು. ಮುಖ ಮಾತ್ರ ಬೇಕಂತಲೇ ಒರಟು ಬಿಟ್ಟಿದ್ದಾರೆ. ನಮ್ಮಲ್ಲಿ ಸೈಜುಗಲ್ಲಿನ ಗೋಡೆ ಕಟ್ಟುವಾಗ ಮಾಡುವುದೂ ಇದನ್ನೇ. ನುಣುಪು ಗೋಡೆಗೆ ಬಿಸಿಲು ಬಿದ್ದರೆ ಒಂದೇ ಬಿಳುಪು. ಒರಟು ಮುಖಕ್ಕೆ ಬಿದ್ದರೆ ಒಂದೊಂದು ಕಲ್ಲಿಗೂ ಅದರದೇ ನೆರಳು. ಹೊಗೆಯಿಂದ ಕಪ್ಪಾದರೂ ಆ ಗೋಡೆ ಚಪ್ಪಟೆಯಾಗಿ ಕಾಣುವುದಿಲ್ಲ. ಹೊಗೆಯ ಊರಿಗೆ ಸರಿಯಾದ ಗೋಡೆ.

ಕೆರೆ ಏರಿ

ಟೊರೊಂಟೊದಿಂದ. ಇದನ್ನು ಓದುತ್ತಾ ಓದುತ್ತಾ ನಮ್ಮ ಊರಿನ ಹಳೇ ಸಿಟಿ ಹಾಲ್ ಕಣ್ಣ ಮುಂದೆ ಬಂತು. ಅದೇ ಒರಟು ಕಲ್ಲು, ಅದೇ ಕಮಾನು, ನಡುವೆ ಗೋಪುರ. 1899ರಲ್ಲಿ ತೆರೆದದ್ದು. ಅದನ್ನೂ ಕೋರ್ಟಾಗಿ ಬಹಳ ವರ್ಷ ಬಳಸಿದ್ದಾರೆ. ಇವೆರಡಕ್ಕೂ ಸಂಬಂಧ ಇದೆಯಾ?

ಮೂರು ನದಿ

ಇದೆ, ಖಂಡಿತ ಇದೆ. ಪಿಟ್ಸ್‌ಬರ್ಗ್‌ನದು ಮುಗಿದ ಮೇಲೆ ಅಮೆರಿಕ, ಕೆನಡಾ ಎರಡೂ ಕಡೆ ಅದೇ ಮಾದರಿ ಹಬ್ಬಿತು. ಟೊರೊಂಟೊ ಕಟ್ಟಡ ಮಾಡಿದ ಇ. ಜೆ. ಲೆನಕ್ಸ್ ಹಿಡಿದದ್ದು ಇದೇ ದಾರಿ. ಮಿನ್ನಿಯಾಪೊಲಿಸ್‌ನಲ್ಲಿ ಸಿಟಿ ಹಾಲ್ ಮತ್ತು ಹೆನ್ನೆಪಿನ್ ಕೌಂಟಿಯ ಕೋರ್ಟು ಎರಡಕ್ಕೂ ಸೇರಿ ಒಂದೇ ಕಟ್ಟಡ ಕಟ್ಟಿದರು. ಅದಂತೂ ನೋಡಿದ ಕೂಡಲೇ ಗೊತ್ತಾಗುತ್ತದೆ, ಇದರ ತಮ್ಮ ಅಂತ. ಈ ಶೈಲಿಗೆ ರಿಚರ್ಡ್‌ಸನ್ ಹೆಸರನ್ನೇ ಸೇರಿಸಿ ‘ರಿಚರ್ಡ್‌ಸೋನಿಯನ್ ರೋಮನೆಸ್ಕ್’ ಅನ್ನುತ್ತಾರೆ. ರೋಮನೆಸ್ಕ್ ಅಂದರೆ ದುಂಡು ಕಮಾನಿನ ಹಳೇ ಯುರೋಪಿನ ಶೈಲಿ. ಎಷ್ಟೋ ಕೌಂಟಿ ಊರುಗಳಲ್ಲಿ ಆ ಕಾಲದ ಕೋರ್ಟುಗಳು ಹೀಗೇ ಕಾಣುತ್ತವೆ.

ಬೇರೆಯವರು ಹೊರಗಿನ ಕಮಾನು, ಗೋಪುರ ನೋಡಿ ಕಲಿತರು. ಇದರ ಗೋಪುರ ಯಾತಕ್ಕೆ ಇತ್ತು ಅನ್ನುವುದನ್ನು ಎಷ್ಟು ಜನ ಗಮನಿಸಿದರೋ.

ತುಂಗೆಯ ಮಗಳು

ಯಾತಕ್ಕೆ ಅಂದರೆ? ಗಡಿಯಾರಕ್ಕಲ್ವಾ? ಅಥವಾ ಊರಿಗೆಲ್ಲಾ ಕಾಣಲಿ ಅಂತಲ್ವಾ?

ಮೂರು ನದಿ

ಉಸಿರಾಡುವುದಕ್ಕೆ.

ಸೈಜುಗಲ್ಲು ಅವರು ಹೊಗೆಯ ವಿಷಯ ಹೇಳಿದರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. 1868ರಲ್ಲಿ ಬೆಟ್ಟದ ಮೇಲೆ ನಿಂತು ಈ ಊರನ್ನು ನೋಡಿದ ಪತ್ರಕರ್ತನೊಬ್ಬ ಇದನ್ನು ಮುಚ್ಚಳ ತೆಗೆದ ನರಕಕ್ಕೆ ಹೋಲಿಸಿದ್ದ. ಮಧ್ಯಾಹ್ನವೇ ಬೀದಿ ದೀಪ ಹಚ್ಚುವ ದಿನಗಳಿದ್ದವು. ಇಂಥ ಊರಿನಲ್ಲಿ ನೂರಾರು ಜನ ಇಡೀ ದಿನ ಕೂರುವ ಕೋರ್ಟಿಗೆ ಒಳ್ಳೆಯ ಗಾಳಿ ಎಲ್ಲಿಂದ ತರುವುದು? ಕಿಟಕಿ ತೆಗೆದರೆ ಮಸಿ ಒಳಗೆ ಬರುತ್ತದೆ. ಮುಚ್ಚಿದರೆ ಉಸಿರು ಕಟ್ಟುತ್ತದೆ.

ರಿಚರ್ಡ್‌ಸನ್ ಮಾಡಿದ್ದು ಇಷ್ಟು. ಗ್ರಾಂಟ್ ಸ್ಟ್ರೀಟ್ ಕಡೆಯ ದೊಡ್ಡ ಗೋಪುರ ಸುಮಾರು 250 ಅಡಿ. ಆಗ ಸುತ್ತ ಅಷ್ಟು ಎತ್ತರದ್ದು ಬೇರೆ ಇರಲಿಲ್ಲ. ಆ ಗೋಪುರದ ಮೇಲ್ಭಾಗದಿಂದ, ಹೊಗೆಗಿಂತ ಮೇಲಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುವುದು. ಅದನ್ನು ಕೆಳಗೆ ತಂದು ಕಟ್ಟಡಕ್ಕೆಲ್ಲ ಹಂಚುವುದು. ಕೆಟ್ಟ ಗಾಳಿಯನ್ನು ಹಿಂಭಾಗದ ಎರಡು ಗೋಪುರಗಳಿಂದ ಹೊರಗೆ ಕಳಿಸುವುದು. ಒಂದು ಗೋಪುರ ಮೂಗು, ಎರಡು ಗೋಪುರ ಹೊಗೆಗೂಡು ಅಂತ ಇಟ್ಟುಕೊಳ್ಳಿ. ಹೊರಗಿನಿಂದ ನೋಡಿದರೆ ಮೂರೂ ಚಂದಕ್ಕೆ ಕಟ್ಟಿದ ಹಾಗೆ ಕಾಣುತ್ತವೆ. ಒಳಗೆ ಮೂರೂ ದುಡಿಯುತ್ತಿದ್ದವು.

ಇನ್ನೊಂದು ಉಪಾಯ ಅಂಗಳ. ಕಟ್ಟಡ ಒಂದೇ ದಪ್ಪ ಮುದ್ದೆಯಲ್ಲ. ನಾಲ್ಕು ಕಡೆ ಕಟ್ಟಿ ನಡುವೆ ಬಯಲು ಬಿಟ್ಟಿದ್ದಾರೆ. ಒಂದು ಬದಿಗೆ ಬೀದಿ, ಇನ್ನೊಂದು ಬದಿಗೆ ಅಂಗಳ. ಹಾಗಾಗಿ ಕತ್ತಲೆ ಕೋಣೆ ಅನ್ನುವುದು ಕಡಿಮೆ. ವಿದ್ಯುತ್ ದೀಪ ಇನ್ನೂ ಹೊಸತಾಗಿದ್ದ ಕಾಲ ಅದು. ದಾಖಲೆ ಓದುವವನಿಗೆ, ಸಾಕ್ಷಿಯ ಮುಖ ನೋಡುವವನಿಗೆ ಹಗಲಿನ ಬೆಳಕೇ ಬೇಕಿತ್ತು.

ಸೈಜುಗಲ್ಲು

ತೊಟ್ಟಿ ಮನೆ! ನೋಡಿದಾಗ ನನಗೆ ಅನಿಸಿದ್ದೂ ಅದೇ. ನಮ್ಮ ಹಳೇ ಮೈಸೂರು ಕಡೆಯ ತೊಟ್ಟಿ ಮನೆಗೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಆದರೆ ನಡುವೆ ಆಕಾಶ ಬಿಟ್ಟರೆ ಸುತ್ತಲಿನ ಕೋಣೆಗಳು ಬದುಕುತ್ತವೆ ಅನ್ನುವ ಲೆಕ್ಕ ಎರಡು ಕಡೆಯೂ ಒಂದೇ. ಅಂಗಳದಲ್ಲಿ ನಿಂತು ಸುತ್ತ ನೋಡಿ. ಬೀದಿ ಕಡೆಗಿಂತ ಅಲ್ಲಿನ ಗೋಡೆಯೇ ನನಗೆ ಜಾಸ್ತಿ ಇಷ್ಟ. ಅಲಂಕಾರ ಕಡಿಮೆ. ಸಾಲು ಸಾಲು ಕಮಾನು, ಅಷ್ಟೇ. ಯಾರಿಗೂ ತೋರಿಸಬೇಕು ಅಂತ ಮಾಡಿದ್ದಲ್ಲ, ಅದಕ್ಕೇ ಅಷ್ಟು ಚೆನ್ನಾಗಿದೆ.

ಮಲ್ಲಿಗೆ ಮೊಗ್ಗು

ಎಲ್ಲರೂ ಕೋರ್ಟಿನ ಬಗ್ಗೆ ಹೇಳುತ್ತಿದ್ದೀರಿ. ಅದರ ಹಿಂಭಾಗದಲ್ಲಿರುವ ಜೈಲಿನ ವಿಷಯ ಹೇಳಿ. ರಾಸ್ ಸ್ಟ್ರೀಟಿನ ಮೇಲೆ ಕಲ್ಲಿನ ಸೇತುವೆ ಒಂದಿದೆಯಲ್ಲ, ಅದರ ಕೆಳಗೆ ಹೋಗುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಮೂರು ನದಿ

ಅದಕ್ಕೆ ‘ಬ್ರಿಜ್ ಆಫ್ ಸೈಸ್’ ಅಂತ ಹೆಸರು. ನಿಟ್ಟುಸಿರಿನ ಸೇತುವೆ. ವೆನಿಸ್‌ನಲ್ಲಿ ಅರಮನೆಯಿಂದ ಸೆರೆಮನೆಗೆ ಹೋಗುವ ಸೇತುವೆಯ ಹೆಸರೇ ಇದಕ್ಕೂ ಬಂದಿದೆ, ರೂಪವೂ ಅಲ್ಲಿಂದಲೇ. ಕೋರ್ಟು ಬೀದಿಯ ಈಚೆ, ಜೈಲು ಆಚೆ. ಕೈದಿಯನ್ನು ಬೀದಿಗೆ ಇಳಿಸದೆ, ಜನರ ಕಣ್ಣಿಗೆ ಬೀಳಿಸದೆ, ಸೇತುವೆಯ ಒಳಗಿನಿಂದಲೇ ಕಟಕಟೆಗೆ ಕರೆದುಕೊಂಡು ಬರುತ್ತಿದ್ದರು. ಶಿಕ್ಷೆ ಆದರೆ ಅದೇ ದಾರಿಯಲ್ಲಿ ವಾಪಸ್.

ಜೈಲಿನ ಗೋಡೆ ನೋಡಿದ್ದೀರಾ? ಸುತ್ತಲೂ ಎತ್ತರದ ಗ್ರಾನೈಟ್ ಗೋಡೆ. ಅಲಂಕಾರ ಇಲ್ಲವೇ ಇಲ್ಲ. ಬರೀ ಕಲ್ಲು. ಕಮಾನಿನ ಕಲ್ಲುಗಳು ಎಷ್ಟು ಉದ್ದ ಅಂದರೆ ಗೋಡೆಯ ಭಾರ ಎಲ್ಲಿ ಇಳಿಯುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ವಾಸ್ತುಶಿಲ್ಪ ಬಲ್ಲವರಲ್ಲಿ ಕೆಲವರು ಕೋರ್ಟಿಗಿಂತ ಜೈಲನ್ನೇ ಜಾಸ್ತಿ ಹೊಗಳುತ್ತಾರೆ. ನನಗೂ ಹಾಗೇ. ಒಳಗೆ ನಡುವೆ ಎಂಟು ಮೂಲೆಯ ದೊಡ್ಡ ಹಜಾರ. ಅಲ್ಲಿಂದ ಸೆಲ್‌ಗಳ ಸಾಲು ಕೈ ಚಾಚಿದ ಹಾಗೆ ಹೊರಡುತ್ತದೆ. ಹಜಾರದಲ್ಲಿ ನಿಂತ ಕಾವಲುಗಾರನಿಗೆ ಎಲ್ಲ ಸಾಲೂ ಕಾಣಬೇಕು, ಅದು ಲೆಕ್ಕ. 1904ರ ನಂತರ ಫ್ರೆಡರಿಕ್ ಆಸ್ಟರ್ಲಿಂಗ್ ಅನ್ನುವವರು ಇನ್ನಷ್ಟು ಸೇರಿಸಿ ದೊಡ್ಡದು ಮಾಡಿದರು. ರಿಚರ್ಡ್‌ಸನ್ ಕಲ್ಲು ಯಾವುದು, ಇವರದು ಯಾವುದು ಅಂತ ಸುಲಭಕ್ಕೆ ಗೊತ್ತಾಗದಷ್ಟು ಹೊಂದಿಸಿದ್ದಾರೆ.

ಅಷ್ಟು ಭದ್ರ ಅಂದುಕೊಂಡ ಜೈಲಿನಿಂದಲೂ ತಪ್ಪಿಸಿಕೊಂಡರು. 1902ರ ಜನವರಿ 30. ಗಲ್ಲು ಶಿಕ್ಷೆ ಆಗಿದ್ದ ಎಡ್ ಮತ್ತು ಜ್ಯಾಕ್ ಬಿಡಲ್ ಅಣ್ಣತಮ್ಮಂದಿರು. ಸಹಾಯ ಮಾಡಿದ್ದು ಯಾರು ಗೊತ್ತಾ? ವಾರ್ಡನ್ನನ ಹೆಂಡತಿ ಕೇಟ್ ಸಾಫೆಲ್. ಗರಗಸ, ಪಿಸ್ತೂಲು ತಂದುಕೊಟ್ಟದ್ದಲ್ಲದೆ ಅವರ ಜೊತೆಗೇ ಹೋದಳು. ಹಿಮದಲ್ಲಿ ಜಾರುಬಂಡಿ ಹತ್ತಿ ಉತ್ತರಕ್ಕೆ ಓಡಿದರು. ಮರುದಿನ ಬಟ್ಲರ್ ಕೌಂಟಿಯಲ್ಲಿ ಪೊಲೀಸರು ಹಿಡಿದರು. ಗುಂಡೇಟಿನಿಂದ ಅಣ್ಣತಮ್ಮ ಇಬ್ಬರೂ ಸತ್ತರು. ಅವಳು ಬದುಕಿ, ಜೈಲು ಶಿಕ್ಷೆ ಅನುಭವಿಸಿದಳು.

ಮಲ್ಲಿಗೆ ಮೊಗ್ಗು

ಈಗ ಅದು ಜೈಲಲ್ಲ, ಫ್ಯಾಮಿಲಿ ಕೋರ್ಟು ಅಂತ ಕೇಳಿದೆ. ನಿಜವಾ?

ಮೂರು ನದಿ

ನಿಜ. 1995ರಲ್ಲಿ ಮೊನೊಂಗಹೀಲಾ ನದಿಯ ಹತ್ತಿರ ಹೊಸ ಜೈಲು ತೆರೆದರು. ಹಳೆಯದು ಖಾಲಿಯಾಯಿತು. ಕೆಡವದೆ ರಿಪೇರಿ ಮಾಡಿ 2000ದಲ್ಲಿ ಅಲ್ಲಿಗೆ ಫ್ಯಾಮಿಲಿ ಕೋರ್ಟು ತಂದರು. ಸೆಲ್‌ಗಳ ಒಂದು ಸಣ್ಣ ಭಾಗವನ್ನು ಹಾಗೇ ಉಳಿಸಿ ಮ್ಯೂಸಿಯಂ ಮಾಡಿದ್ದಾರೆ.

ಮಲ್ಲಿಗೆ ಮೊಗ್ಗು

ನನಗೆ ಇದು ಸರಿ ಅನಿಸುವುದಿಲ್ಲ. ನಾನು ಮಕ್ಕಳ ಜೊತೆ ಕೆಲಸ ಮಾಡುವವಳು. ಅಪ್ಪ ಅಮ್ಮ ಬೇರೆಯಾಗುವಾಗ ಮಗು ಯಾರ ಹತ್ತಿರ ಇರಬೇಕು ಅನ್ನುವುದು ಅಲ್ಲಿ ತೀರ್ಮಾನ ಆಗುತ್ತದೆ. ಆ ಮಗು ಮೊದಲೇ ಹೆದರಿರುತ್ತದೆ. ಅದನ್ನು ಜೈಲಿನ ಗೋಡೆಯೊಳಗೆ ಕರೆದುಕೊಂಡು ಹೋಗಬೇಕಾ? ಕಲ್ಲು ಎಷ್ಟೇ ಚಂದ ಇರಲಿ. ಅದನ್ನು ಕಟ್ಟಿದ್ದೇ ನೋಡಿದವರಿಗೆ ಭಯ ಹುಟ್ಟಲಿ ಅಂತ. ಆ ಗೋಡೆ ತನ್ನ ಕೆಲಸವನ್ನು ಇವತ್ತಿಗೂ ಮಾಡುತ್ತಿದೆ. ಲೈಬ್ರರಿ ಮಾಡಬಹುದಿತ್ತು. ದಾಖಲೆ ಇಡುವ ಜಾಗ ಮಾಡಬಹುದಿತ್ತು.

ಸೈಜುಗಲ್ಲು

ನಿಮ್ಮ ಮಾತು ಮನಸ್ಸಿಗೆ ನಾಟಿತು ಅಮ್ಮ. ಆದರೆ ನನ್ನ ಅನುಭವ ಬೇರೆ ಹೇಳುತ್ತದೆ. ಹಳೇ ಕಟ್ಟಡಕ್ಕೆ ದಿನಾ ಜನ ಬಂದುಹೋಗುವ ಕೆಲಸ ಸಿಗದಿದ್ದರೆ ಅದು ಹತ್ತು ವರ್ಷದಲ್ಲಿ ಸೋರಲು ಶುರುವಾಗುತ್ತದೆ. ಆಮೇಲೆ ಕೆಡವಲು ಕಾರಣ ಹುಡುಕುವುದು ಸುಲಭ. ಕೋರ್ಟಿನ ಜೊತೆಗೇ ಕಟ್ಟಿದ ಜೈಲಿಗೆ ಕೋರ್ಟಿನದೇ ಕೆಲಸ ಸಿಕ್ಕಿತು. ಸೇತುವೆಯೂ ಉಳಿಯಿತು. ಆ ಎಂಟು ಮೂಲೆಯ ಹಜಾರವನ್ನು ಈಗ ಎಷ್ಟು ಬೆಳಕಾಗಿ ಮಾಡಿದ್ದಾರೆ ಅಂತ ನೋಡಿದ್ದೀರಾ? ಅಲ್ಲಿ ನಿಂತರೆ ಜೈಲು ಅನಿಸುವುದಿಲ್ಲ.

ಮಲ್ಲಿಗೆ ಮೊಗ್ಗು

ಹಜಾರಕ್ಕೆ ಹೋಗುವ ಮೊದಲು ಗೋಡೆ ದಾಟಬೇಕಲ್ವಾ ಸರ್. ಏಳು ವರ್ಷದ ಮಗುವಿಗೆ ಗೋಡೆಯೇ ನೆನಪಿರುತ್ತದೆ. ಕಟ್ಟಡ ಉಳಿಯಲಿ ಅನ್ನುವುದರಲ್ಲಿ ನಾನೂ ನಿಮ್ಮ ಜೊತೆಗಿದ್ದೇನೆ. ಯಾರಿಗಾಗಿ ಉಳಿಯಬೇಕು ಅನ್ನುವುದರಲ್ಲಿ ಮಾತ್ರ ಒಪ್ಪಲಾರೆ.

ಕೆರೆ ಏರಿ

ಇಬ್ಬರ ಮಾತೂ ಓದಿ ಯೋಚನೆಗೆ ಬಿದ್ದೆ. ನನಗೆ ಮಲ್ಲಿಗೆ ಮೊಗ್ಗು ಅವರ ಮಾತೇ ಸರಿ ಅನಿಸುತ್ತಿದೆ.

ಒಂದು ಸಣ್ಣ ಪ್ರಶ್ನೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗಾ? ಒಂದು ಕೌಂಟಿ ಇಷ್ಟು ದೊಡ್ಡ ಕಟ್ಟಡಕ್ಕೆ ದುಡ್ಡು ಹೇಗೆ ಹಾಕಿತು?

ಮೂರು ನದಿ

ಜಿಲ್ಲೆ ಅಂತಲೇ ಇಟ್ಟುಕೊಳ್ಳಬಹುದು. ಪೆನ್ಸಿಲ್ವೇನಿಯಾದಲ್ಲಿ 67 ಕೌಂಟಿಗಳಿವೆ. ಕೌಂಟಿಯ ಮುಖ್ಯ ಊರಿನಲ್ಲಿ ಒಂದು ಕೋರ್ಟ್‌ಹೌಸ್. ಬರೀ ವಿಚಾರಣೆಗಲ್ಲ. ಜಮೀನಿನ ಪತ್ರ, ಉಯಿಲು, ಮದುವೆ ಲೈಸೆನ್ಸು, ತೆರಿಗೆ, ಎಲ್ಲಕ್ಕೂ ಜನ ಬರುತ್ತಿದ್ದದ್ದು ಅಲ್ಲಿಗೇ. ಹಾಗಾಗಿ ಹುಟ್ಟಿದ ಮೇಲೆ ಒಂದಲ್ಲ ಒಂದು ದಿನ ಎಲ್ಲರೂ ಆ ಬಾಗಿಲು ದಾಟುತ್ತಿದ್ದರು. ಅದಕ್ಕೇ ಆ ಬಾಗಿಲ ವಿಷಯಕ್ಕೆ ನನಗೆ ಇಷ್ಟು ಬೇಜಾರು.

ದುಡ್ಡಿಗೆ ಬರೋಣ. ಆಗ ಉಕ್ಕು, ಕಲ್ಲಿದ್ದಲು ಎಲ್ಲಾ ಸೇರಿ ಇದು ಶ್ರೀಮಂತ ಕೌಂಟಿ. ಬೆಂಕಿ ಬಿದ್ದ ಮೇಲೆ ಐದು ಜನ ವಾಸ್ತುಶಿಲ್ಪಿಗಳನ್ನು ಕರೆದು ನಕ್ಷೆ ಕೇಳಿದರು. ರಿಚರ್ಡ್‌ಸನ್ ನಕ್ಷೆ ಆರಿಸಿದರು. ಕೋರ್ಟು, ಜೈಲು ಎರಡೂ ಸೇರಿ ಸುಮಾರು 22.5 ಲಕ್ಷ ಡಾಲರ್ ಖರ್ಚಾಯಿತು. ಕೌಂಟಿ ಶುರುವಾಗಿದ್ದು 1788ರ ಸೆಪ್ಟೆಂಬರ್ 24ರಂದು. ಕೋರ್ಟನ್ನು ಜನರಿಗೆ ಒಪ್ಪಿಸಿದ್ದು 1888ರ ಸೆಪ್ಟೆಂಬರ್ 24ರಂದು. ಸರಿಯಾಗಿ ನೂರು ವರ್ಷ. ಊರು ಹಬ್ಬ ಮಾಡಿತು.

1976ರಲ್ಲಿ ಇದನ್ನು ನ್ಯಾಷನಲ್ ಹಿಸ್ಟಾರಿಕ್ ಲ್ಯಾಂಡ್‌ಮಾರ್ಕ್, ಅಂದರೆ ದೇಶದ ಐತಿಹಾಸಿಕ ಸ್ಮಾರಕ, ಅಂತ ಘೋಷಿಸಿದರು. ಈಗ ಪಕ್ಕದಲ್ಲೇ 841 ಅಡಿಯ ಯು. ಎಸ್. ಸ್ಟೀಲ್ ಕಟ್ಟಡ ನಿಂತಿದೆ. ಹೊಗೆಗಿಂತ ಮೇಲೆ ನಿಂತಿದ್ದ ಗೋಪುರ ಅದರ ಮುಂದೆ ಕುಳ್ಳಗೆ ಕಾಣುತ್ತದೆ. ಹೊಗೆಯೂ ಈಗ ಇಲ್ಲ. ಹೊಗೆ ತಡೆಯುವ ಕಾನೂನನ್ನು 1941ರಲ್ಲೇ ಮಾಡಿದ್ದರು. ಯುದ್ಧ ಮುಗಿದ ಮೇಲೆ 1946ರಿಂದ ಜಾರಿಗೆ ತಂದರು.

ತುಂಗೆಯ ಮಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಅಪ್ಪ ಶಿವಮೊಗ್ಗದಿಂದ ಬಂದಿದ್ದಾರೆ. ಅವರು ಮೂವತ್ತಾರು ವರ್ಷ ಕೋರ್ಟಿನಲ್ಲಿ ಕೆಲಸ ಮಾಡಿ ಶಿರಸ್ತೇದಾರರಾಗಿ ನಿವೃತ್ತರಾದವರು. ನೀವೆಲ್ಲ ಬರೆದದ್ದನ್ನು ಅವರಿಗೆ ಓದಿ ಹೇಳಿದೆ. ನಾಳೆಯೇ ಹೋಗೋಣ ಅಂದರು. ಹೋದ ಗುರುವಾರ ಹೋಗಿ ಬಂದೆವು.

ಮೊದಲು ರಸ್ತೆಯಾಚೆ ಫ್ರಿಕ್ ಬಿಲ್ಡಿಂಗ್ ಹತ್ತಿರ ನಿಂತು ನೋಡಿದೆವು. ಮೂರು ನದಿ ಸರ್, ನೀವು ಹೇಳಿದ ಮೇಲೆ ಕಣ್ಣಿಗೆ ಬೇರೆಯೇ ಕಟ್ಟಡ ಕಾಣಿಸಿತು. ಕೆಳಗಿನ ಒಂದು ಸಾಲನ್ನು ಕೈಯಿಂದ ಮರೆಮಾಡಿ ನೋಡಿ ಅಂತ ಅಪ್ಪನಿಗೆ ಹೇಳಿದೆ. ನೋಡಿದರು. ‘ಈಗ ಸರಿಯಾಗಿ ಕೂತಿದೆ ನೋಡು’ ಅಂದರು. ಮರೆಮಾಡಿದರೆ ಕಟ್ಟಡದ ಅಳತೆ ನಿಜವಾಗಿಯೂ ಸರಿಯಾಗುತ್ತದೆ.

ಒಳಗೆ ಹೋಗಿ ಮೆಟ್ಟಿಲು ಹತ್ತಿ, ಗ್ರಾಂಟ್ ಸ್ಟ್ರೀಟ್ ಕಡೆಯ ಕಿಟಕಿಯ ಹತ್ತಿರ ನಿಂತೆವು. ಬಸ್ಸು, ಕಾರು ಎಲ್ಲಾ ಕಾಲ ಕೆಳಗೆ ಓಡಾಡುತ್ತಿದ್ದವು. 1888ರಲ್ಲಿ ಇಲ್ಲಿ ನಿಂತಿದ್ದರೆ ಹೊರಗೆ ಹೋಗುವವರ ಮುಖ ನಮ್ಮ ಮುಖದ ಮಟ್ಟಕ್ಕೇ ಇರುತ್ತಿತ್ತು ಅಲ್ವಾ? ಅಲ್ಲಿಂದ ಕದಲಲು ಮನಸ್ಸೇ ಬರಲಿಲ್ಲ.

ಆಮೇಲೆ ಅಂಗಳ. ಕಾರಂಜಿ ಇದೆ, ಬೆಂಚುಗಳಿವೆ, ಮರದ ನೆರಳಿದೆ. ಅಪ್ಪ ಒಂದು ಬೆಂಚಿನ ಮೇಲೆ ಕೂತರು. ತಲೆ ಎತ್ತಿ ಕಮಾನು ನೋಡುತ್ತಾರೆ ಅಂದುಕೊಂಡೆ. ಅವರು ನೋಡುತ್ತಿದ್ದದ್ದು ಜನರನ್ನು. ಫೈಲು ಹಿಡಿದ ವಕೀಲರು ಒಂದು ಕಡೆ. ಇನ್ನೊಂದು ಕಡೆ ಒಬ್ಬ ಹೆಂಗಸು ಮಗುವಿಗೆ ಬಾಳೆಹಣ್ಣು ತಿನ್ನಿಸುತ್ತಿದ್ದಳು. ಪಕ್ಕದಲ್ಲಿ ಒಬ್ಬ ಮುದುಕ ಕಣ್ಣು ಮುಚ್ಚಿ ಕೂತಿದ್ದ. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಅಂದರು: ‘ಕಕ್ಷಿದಾರರಿಗೆ ಕೂರೋಕೆ ಜಾಗ ಇದೆ ಕಣಮ್ಮ. ನೆರಳಲ್ಲಿ. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಕಡೆ ಹಳ್ಳಿಯಿಂದ ಬಂದವರು ಕೂಗು ಬರೋವರೆಗೂ ವರಾಂಡದ ಗೋಡೆಗೆ ಒರಗಿ ನಿಂತೇ ಇರುತ್ತಿದ್ದರು. ಎಷ್ಟು ಜನರ ಹೆಸರು ಕೂಗಿಸಿದ್ದೀನೋ.’

ಜೈಲಿನ ಕಡೆಗೂ ಹೋದೆವು. ಮಲ್ಲಿಗೆ ಮೊಗ್ಗು ಅವರೇ, ಗೋಡೆಯ ಹತ್ತಿರ ನಿಂತಾಗ ನಿಮ್ಮ ಮಾತೇ ನೆನಪಾಯಿತು. ಸೇತುವೆಯ ಕೆಳಗೆ ನಿಂತು ಅಪ್ಪ ಮಾತಾಡಲಿಲ್ಲ. ಮನೆಗೆ ಬರುವಾಗ ಕಾರಿನಲ್ಲಿ ಕೇಳಿದರು, ಬಿಡುಗಡೆ ಆದವನು ಯಾವ ಬಾಗಿಲಿನಿಂದ ಹೋಗುತ್ತಿದ್ದ, ಅವನೂ ಸೇತುವೆ ದಾಟಿ ಜೈಲಿಗೆ ಹೋಗಿ ಆಮೇಲೆ ಹೊರಗೆ ಬರಬೇಕಿತ್ತಾ ಅಂತ. ನನಗೆ ಉತ್ತರ ಗೊತ್ತಿರಲಿಲ್ಲ. ಮೂರು ನದಿ ಸರ್, ಜೈಲಿನ ಮ್ಯೂಸಿಯಂನಲ್ಲಿ ಯಾರನ್ನಾದರೂ ಕೇಳಬಹುದಾ? ಅಪ್ಪ ಇನ್ನೂ ಒಂದು ತಿಂಗಳು ಇರುತ್ತಾರೆ.

ಮೂರು ನದಿ

ಕೇಳಬಹುದು. ಮ್ಯೂಸಿಯಂ ತೆಗೆದಿರುವ ದಿನ ಯಾವುದು ಅಂತ ಮೊದಲೇ ನೋಡಿಕೊಂಡು ಬನ್ನಿ. ನಾನೂ ಬರುತ್ತೇನೆ. ಅಪ್ಪನವರಿಗೆ ನನ್ನ ನಮಸ್ಕಾರ ಹೇಳಿ. ಊಟದ ಡಬ್ಬಿ ತರಲು ಹೇಳಿ, ಅಂಗಳದಲ್ಲಿ ಕೂತು ಮಾತಾಡೋಣ.